ಪದ್ದಿಗೆ ಓದಿ ಹೇಳದ ಕೊನೆಯ ಅಧ್ಯಾಯ

ನನ್ನ ತಂಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನನ್ನು ಒಂದೇ ಒಂದು ಕೆಲಸ ಕೇಳಿದಳು. ಒಂದು ಕಾದಂಬರಿಯ ಕೊನೆಯ ಅಧ್ಯಾಯ ಓದಿ ಹೇಳು ಅಂದಳು. ನಾನು ಓದಲಿಲ್ಲ. ಹೋದ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳ ಮಾತು ಇದು.

ನಮ್ಮದು ಗುಬ್ಬಿ. ಹುಣಸೆಹಣ್ಣಿನ ಕಾಲ ಬಂದರೆ ಮಂಡಿಯವರು ಮೂಟೆಗಟ್ಟಲೆ ಹಣ್ಣು ಮನೆಗೆ ತಂದು ಹಾಕುತ್ತಾರೆ. ನಾವು ಅದನ್ನು ಕುಟ್ಟಿ, ಬೀಜ ಮತ್ತು ನಾರು ಬಿಡಿಸಿ ಕೊಡಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅಲ್ಲಿಂದ ಇಲ್ಲಿವರೆಗೆ ಅದೇ ಕೆಲಸ. ತಂಗಿ ಪದ್ಮಾ ನನಗಿಂತ ತುಂಬಾ ಚಿಕ್ಕವಳು. ನಾವೆಲ್ಲ ಪದ್ದಿ ಅನ್ನುತ್ತಿದ್ದೆವು. ಪಿಯುಸಿ ಮುಗಿಸಿ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಮದುವೆ ಬೇಡ ಅಂದವಳು, ನನ್ನ ಮತ್ತು ನನ್ನ ಯಜಮಾನರ ಜೊತೆಗೇ ಇದ್ದಳು.

ಅವಳಿಗೆ ಒಂದು ಹುಚ್ಚಿತ್ತು. ರಕ್ತಪಿಶಾಚಿ ಕಥೆಗಳು. ತುಮಕೂರಿನಲ್ಲಿ ಬಸ್ ಬದಲಾಯಿಸುವಾಗ ಫುಟ್‌ಪಾತ್ ಮೇಲೆ ಹಳೇ ಪುಸ್ತಕದ ರಾಶಿ ಕಂಡರೆ ಕೂತೇ ಬಿಡುತ್ತಿದ್ದಳಂತೆ. ಭಾನುವಾರ ನಾನು ಹಣ್ಣು ಬಿಡಿಸುತ್ತಿದ್ದರೆ ಎದುರಿಗೆ ಗೋಡೆಗೆ ಒರಗಿ ಗಟ್ಟಿಯಾಗಿ ಓದುತ್ತಿದ್ದಳು. ದೂರದ ದೇಶ, ಬೆಟ್ಟದ ಮೇಲಿನ ಬಂಗಲೆ, ಉದ್ದದ ಹಜಾರದಲ್ಲಿ ಒಂದೇ ಮೇಣದಬತ್ತಿ, ಕನ್ನಡಿಯ ಮುಂದೆ ನಿಂತರೂ ಕನ್ನಡಿಯಲ್ಲಿ ಕಾಣಿಸದ ದೊರೆ. ದೊರೆ ಮಾತಾಡುವಾಗ ದನಿ ತಗ್ಗಿಸಿ, ಮೂಗಿನಲ್ಲಿ, ನಮ್ಮೂರ ಶಾನುಭೋಗರ ಹಾಗೆ ಓದುತ್ತಿದ್ದಳು. ನನಗೆ ನಗು ಬರುತ್ತಿತ್ತು, ಜೊತೆಗೆ ಬೆನ್ನಲ್ಲಿ ಚಳಿಯೂ ಏಳುತ್ತಿತ್ತು. ಕೈ ತಾನಾಗಿ ನಿಂತು ಹೋಗುತ್ತಿತ್ತು.

"ಹಿಮ ಅಂದ್ರೆ ಹೆಂಗಿರತ್ತೆ?" ಅಂತ ಒಮ್ಮೆ ಕೇಳಿದೆ.

"ಫ್ರಿಡ್ಜ್ ಮೇಲ್ಗಡೆ ಗೂಡಲ್ಲಿ ಕಟ್ಕೊಂಡಿರತ್ತಲ್ಲ, ಅದನ್ನ ಗುಬ್ಬಿ ತುಂಬಾ ಹರಡು. ಅಷ್ಟೇ," ಅಂದಳು.

ಆ ಕಥೆಗಳ ಪಿಶಾಚಿ ಒಳಗಿನವರು ಕರೆಯದೆ ಹೊಸಿಲು ದಾಟುವುದಿಲ್ಲವಂತೆ. ನಮ್ಮ ಬಾಗಿಲ ಪಕ್ಕದ ಗೋಡೆಯಲ್ಲಿ ಅಮ್ಮ ಸುಣ್ಣದಲ್ಲಿ ಬರೆಸಿದ 'ನಾಳೆ ಬಾ' ಈಗಲೂ ಇದೆ. ಪದ್ದಿ ಅದನ್ನು ತೋರಿಸಿ, "ನಮ್ಮೂರ ದೆವ್ವ ಎಷ್ಟು ಒಳ್ಳೇದು ನೋಡಕ್ಕ. ದಿನಾ ಓದ್ಕೊಂಡು, ಸರಿ ನಾಳೆ ಬರೋಣ ಅಂತ ಹೋಗತ್ತೆ. ನಿನಗಿಂತ ಚೆನ್ನಾಗಿ ಓದತ್ತೆ," ಅನ್ನುತ್ತಿದ್ದಳು.

ಆ ಮಾತು ತಮಾಷೆಗೆ ಅಂದದ್ದು. ಆದರೆ ನನಗೆ ನಾಟುತ್ತಿತ್ತು. ನಾನು ಬಸ್ಸಿನ ಬೋರ್ಡ್ ಓದುತ್ತೇನೆ, ರೇಷನ್ ಅಂಗಡಿಯ ನೋಟಿಸು ಓದುತ್ತೇನೆ. ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಒತ್ತಕ್ಷರ ಬಂದರೆ ನಿಂತು ಹೋಗುತ್ತೇನೆ. ಶಾಲೆಯಲ್ಲಿ ಎದ್ದು ನಿಂತು ಓದುವಾಗ ಮಕ್ಕಳೆಲ್ಲ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಅದಕ್ಕೇ ಪದ್ದಿ ಯಾವಾಗಲಾದರೂ "ಒಂದು ಪುಟ ನೀನು ಓದಕ್ಕ" ಅಂದರೆ, "ಕೈಯೆಲ್ಲ ಹುಣಸೆ ಅಂಟು ಕಣೇ, ಪುಸ್ತಕ ಹಾಳಾಗತ್ತೆ" ಅನ್ನುತ್ತಿದ್ದೆ.

ಆ ವರ್ಷ ಅವಳು ತಂದ ಪುಸ್ತಕಕ್ಕೆ ರಟ್ಟೂ ಇರಲಿಲ್ಲ, ಹೆಸರೂ ಇರಲಿಲ್ಲ. ಇಬ್ಬರು ಅಕ್ಕತಂಗಿಯರ ಕಥೆ. ಅಕ್ಕ ಸತ್ತು ರಕ್ತಪಿಶಾಚಿ ಆಗಿದ್ದಾಳೆ. ಕತ್ತಲಾದರೆ ಬಂದು ಬಾಗಿಲ ಹೊರಗೆ ನಿಂತು, ಒಳಕ್ಕೆ ಬರಲಾ ಅಂತ ತಂಗಿಯನ್ನು ಕೇಳುತ್ತಾಳೆ. ತಂಗಿ ಒಳಗೆ ಅಗುಳಿ ಹಿಡಿದುಕೊಂಡು ಅಳುತ್ತಾಳೆ.

"ತೆಗೀಬಾರ್ದು. ತೆಗುದ್ರೆ ರಕ್ತ ಕುಡೀತಾಳೆ," ಅಂದೆ ನಾನು.

"ತೆಗೀತಾಳೆ ನೋಡ್ತಿರು. ಪಿಶಾಚಿ ಆದ್ರೇನು, ಅಕ್ಕ ಅಲ್ವಾ? ಬಾಜಿ ಕಟ್ತೀಯಾ?" ಅಂದಳು ಪದ್ದಿ.

ಕೊನೆಯ ಅಧ್ಯಾಯ ಮುಂದಿನ ಭಾನುವಾರಕ್ಕೆ ಇಟ್ಟುಕೊಂಡೆವು. ಆ ಭಾನುವಾರ ಬರಲಿಲ್ಲ. ಅವಳ ಕಾಲು, ಮುಖ ಊದಿಕೊಂಡವು. ತುಮಕೂರಿನ ಆಸ್ಪತ್ರೆಯಲ್ಲಿ ಎರಡೂ ಕಿಡ್ನಿ ಹೋಗಿವೆ ಅಂದರು. ಡಯಾಲಿಸಿಸ್ ಶುರುವಾಯಿತು. ಮೈಯ ರಕ್ತವೆಲ್ಲ ಪೈಪಿನಲ್ಲಿ ಮಷಿನ್‌ಗೆ ಹೋಗಿ ಬರುವುದನ್ನು ನೋಡಿ ನನಗೆ ತಲೆ ಸುತ್ತಿತು. ಅವಳು, "ಹೆದರ್ಕೋಬೇಡ ಕಣಕ್ಕ. ನಮ್ಮ ದೊರೆ ಕುಡ್ದು ಬಾಯಿ ಒರಸ್ಕೊಂಡು ಹೋಗ್ತಾನೆ. ಇವ್ನು ತೊಳ್ದು ವಾಪಸ್ ಕೊಡ್ತಾವ್ನೆ," ಅಂದಳು.

ಬಿಪಿ ಏರಿ ಕಣ್ಣೂ ಮಂಜಾಯಿತು. ಅಕ್ಷರ ಕಾಣುತ್ತಿರಲಿಲ್ಲ. ಆಗ ದಿಂಬಿನ ಕೆಳಗಿಂದ ಆ ಪುಸ್ತಕ ತೆಗೆದು ನನ್ನ ಕಡೆ ಚಾಚಿದಳು.

"ಕೊನೇದೊಂದು ಓದ್ಬುಡಕ್ಕ. ತೆಗುದ್ಲೋ ಇಲ್ವೋ ಗೊತ್ತಾಗ್ಬೇಕು."

ಪಕ್ಕದ ಮಂಚದಲ್ಲಿ ಕುಣಿಗಲ್ ಕಡೆಯ ಅಜ್ಜಿಯೊಬ್ಬರು ಮಗನನ್ನು ನೋಡಿಕೊಳ್ಳುತ್ತಾ ಕೂತಿದ್ದರು. ಪದ್ದಿ ಆಗಲೇ ಅವರಿಗೆ ಅರ್ಧ ಕಥೆ ಹೇಳಿ ಮುಗಿಸಿದ್ದಳು. "ಓದವ್ವ, ಗಟ್ಟಿಯಾಗಿ ಓದು. ನಾವೂ ಕೇಳ್ತೀವಿ. ಇಲ್ಲಿ ಹೊತ್ತೇ ಹೋಗಲ್ಲ," ಅಂದರು. ಆಚೆ ಮಂಚದವರೂ ಇತ್ತ ತಿರುಗಿದರು. ನರ್ಸ್ ಕೂಡ ಬಾಗಿಲಲ್ಲಿ ನಿಂತಳು.

ನನ್ನ ಕೈ ಅವತ್ತು ಸ್ವಚ್ಛವಾಗಿತ್ತು. ಹುಣಸೆಯ ನೆಪ ಇರಲಿಲ್ಲ. ಪುಸ್ತಕ ಬಿಡಿಸಿದೆ. ಮೊದಲ ಸಾಲಿನಲ್ಲೇ ಮೂರು ಒತ್ತಕ್ಷರ. ಪುಸ್ತಕ ಮುಚ್ಚಿದೆ.

"ಕನ್ನಡಕ ಮನೇಲಿ ಬುಟ್ಟು ಬಂದಿದೀನಿ ಕಣೇ," ಅಂದೆ.

ನನಗೆ ಕನ್ನಡಕವೇ ಇಲ್ಲ. ಅದು ಅವಳಿಗೆ ಗೊತ್ತು. ನನ್ನ ಮುಖ ಕಾಣದಿದ್ದರೂ ಕಣ್ಣು ಕಿರಿದು ಮಾಡಿ ನನ್ನ ಕಡೆಯೇ ಸ್ವಲ್ಪ ಹೊತ್ತು ನೋಡಿದಳು. ಅಷ್ಟು ಜನರ ಎದುರು, ನಿನಗೆ ಎಲ್ಲಿಯ ಕನ್ನಡಕ ಅಂತ ಕೇಳಬಹುದಿತ್ತು. ಕೇಳಲಿಲ್ಲ.

"ನಾಳೆ ತರ್ತೀನಿ. ನಾಳೆ ಓದ್ತೀನಿ," ಅಂದೆ.

"ಗೋಡೆ ಮೇಲೆ ಬರ್ದಂಗೇ ಹೇಳ್ತಿದೀಯಲ್ಲಕ್ಕ," ಅಂತ ನಕ್ಕಳು. ಆಮೇಲೆ ಅಜ್ಜಿಯ ಕಡೆ ತಿರುಗಿ, "ನಮ್ಮಕ್ಕ ಬಲೇ ಚೆನ್ನಾಗಿ ಓದ್ತಾಳೆ ಅಜ್ಜಿ. ನಾಳೆ ಕೇಳೀರಂತೆ," ಅಂದಳು.

ಮಾರನೇ ದಿನ ಬೆಳಿಗ್ಗೆ ಡಯಾಲಿಸಿಸ್‌ಗೆ ಹಾಕಿದಾಗ ಅವಳ ಹೃದಯ ನಿಂತು ಹೋಯಿತು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪುಸ್ತಕ ಚೀಲದಲ್ಲಿತ್ತು.

ಮಣ್ಣು ಮಾಡಿ ಬಂದ ಮೇಲೆ ಹುಣಸೆ ಮೂಟೆಗಳು ಹಾಗೇ ಬಿದ್ದಿದ್ದವು. ಬಿಡಿಸಲೇ ಬೇಕಿತ್ತು, ಬಿಡಿಸಿದೆ. ಎದುರು ಗೋಡೆಗೆ ಅವಳು ಒರಗುತ್ತಿದ್ದ ಕಡೆ ತಲೆಯೆಣ್ಣೆಯ ಕಲೆ ಇದೆ. ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಮಳೆಗಾಲ ಬಂದ ಮೇಲೆ ಒಂದು ಮಧ್ಯಾಹ್ನ ಪುಸ್ತಕ ತೆಗೆದೆ. ದಿನಕ್ಕೆ ನಾಲ್ಕೈದು ಸಾಲು. ಬೆರಳಿಟ್ಟು, ಬಾಯಿಬಿಟ್ಟು ಓದಿದೆ. 'ರಕ್ತ' ಅನ್ನುವುದನ್ನು 'ರಕತ' ಅಂತಲೇ ಓದಿದೆ. ತಿದ್ದುವವರು ಯಾರೂ ಇರಲಿಲ್ಲ. ಶ್ರಾವಣ ಕಳೆಯುವ ಹೊತ್ತಿಗೆ ಮುಗಿಯಿತು. ಎಷ್ಟು ಚಿಕ್ಕ ಅಧ್ಯಾಯ ಅದು. ಪದ್ದಿ ಓದಿದ್ದರೆ ಒಂದು ಬುಟ್ಟಿ ಹಣ್ಣು ಬಿಡಿಸುವುದರೊಳಗೆ ಮುಗಿಸಿರುತ್ತಿದ್ದಳು. ನಾನು ಎಡವಿ ಎಡವಿ ಓದಿದ್ದರೂ ಅವಳು ಕೇಳುತ್ತಿದ್ದಳು. ನಗುತ್ತಿದ್ದಳು, ಆದರೆ ಕೇಳುತ್ತಿದ್ದಳು.

ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟೆವು. ನಮ್ಮಲ್ಲಿ ಸತ್ತವರ ಫೋಟೋ ಮುಂದೆ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲುತ್ತೇವೆ. ಆ ಹೊತ್ತಿನಲ್ಲಿ ಅವರು ಬಂದು ಉಂಡು ಹೋಗುತ್ತಾರೆ ಅಂತ ನಂಬಿಕೆ. ಅವಳಿಗೆ ಅಂತ ಒಬ್ಬಟ್ಟು, ಚಿತ್ರಾನ್ನ ಮಾಡಿದ್ದೆ. ಯಜಮಾನರು ಬಾಗಿಲು ಎಳೆದುಕೊಂಡರು. ಜಗಲಿಯ ಮೇಲೆ ನೆಂಟರು, ಅಕ್ಕಪಕ್ಕದವರು ನಿಂತಿದ್ದರು.

ನಾನು ಸೆರಗಿನಿಂದ ಪುಸ್ತಕ ತೆಗೆದೆ. ಬಾಗಿಲಿಗೆ ಮುಖ ಮಾಡಿ ನಿಂತು ಓದಲು ಶುರು ಮಾಡಿದೆ.

"ಏನೇ ಇದು?" ಅಂದರು ಯಜಮಾನರು. ನಾನು ನಿಲ್ಲಿಸಲಿಲ್ಲ. ಒತ್ತಕ್ಷರ ಬಂದಲ್ಲಿ ನಿಂತೆ, ಬಿಡಿಸಿಕೊಂಡೆ, ಮತ್ತೆ ಹೊರಟೆ. ಹಿಂದೆ ಯಾರೋ ಹುಡುಗಿ ಕಿಸಕ್ಕೆಂದಳು, ಅವಳಮ್ಮ ಗದರಿದಳು. ಓದುತ್ತಾ ಹೋದೆ. ತಂಗಿ ಅಗುಳಿ ಹಿಡಿದು ನಿಂತಿದ್ದಾಳೆ. ಹೊರಗೆ ಹಿಮ ಬೀಳುತ್ತಿದೆ. ಅಕ್ಕ ಬೇಡುತ್ತಿದ್ದಾಳೆ. ತಂಗಿಗೆ ತಾನು ಉಳಿಯುವುದಿಲ್ಲ ಅಂತ ಗೊತ್ತು. ಗೊತ್ತಿದ್ದೂ ಅಗುಳಿ ಸರಿಸುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

"ಸಾಕು, ಹೊತ್ತಾಯ್ತು. ಬಾಗ್ಲು ತೆಗಿ," ಅಂದರು ಯಜಮಾನರು ಮೆಲ್ಲಗೆ.

ಚಿಲಕದ ಮೇಲೆ ಕೈ ಇಟ್ಟೆ. ತೆಗೆಯಲು ಆಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ಅವಳಿಗೂ ಕೇಳಲಿ ಅಂತ, ಗಟ್ಟಿಯಾಗಿಯೇ ಹೇಳಿದೆ.

"ಪದ್ದಿ, ನೀನೇ ಗೆದ್ದೆ ಕಣೇ. ಅವ್ಳು ಬಾಗ್ಲು ತೆಗೀತಾಳೆ. ಅವತ್ತು ಕನ್ನಡಕ ಮನೇಲಿ ಬುಟ್ಟು ಬಂದಿದೀನಿ ಅಂದಿದ್ದು ಸುಳ್ಳು. ಜನ ನಗ್ತಾರೆ ಅಂತ ನಾಚ್ಕೊಂಡು ಓದ್ಲಿಲ್ಲ. ನಿನಗಿಂತ ನನ್ನ ಮಾನ ದೊಡ್ಡದು ಮಾಡ್ಕೊಂಡೆ. ತಪ್ಪಾಯ್ತು ಕಣೇ. ಒಳಕ್ಕೆ ಬರ್ಲಾ?"