ಮನೋಳಿ ಹುಡುಗಿಯರ ರಗ್ಬಿ ಅಕ್ಕೋರು

ದೊಡವಾಡದ ರೇಣು ಕಬಡ್ಡಿಯಲ್ಲಿ ಕಾಲು ಹಿಡಿದಳೆಂದರೆ ಬಿಡಿಸಿಕೊಂಡು ಹೋದವರಿಲ್ಲ. ಅದನ್ನು ನೋಡಿಯೇ ಹೈಸ್ಕೂಲಿನ ಪಿ.ಟಿ. ಮಾಸ್ತರ ಅಂದಾನೆಪ್ಪ ಅವಳನ್ನು ಧಾರವಾಡಕ್ಕೆ, ರಗ್ಬಿ ಆಯ್ಕೆಗೆ ಕರೆದೊಯ್ದರು. ತಂಡಕ್ಕೆ ಏಳೇ ಜನ, ಏಳೇಳು ನಿಮಿಷದ ಎರಡು ಅವಧಿ. ಓಡುವುದು ಮುಂದಕ್ಕೆ, ಚೆಂಡು ಎಸೆಯುವುದು ಮಾತ್ರ ಹಿಂದಿನವರಿಗೆ. ರೇಣುಗೆ ಆಟ ಒಂದೇ ದಿನಕ್ಕೆ ಹಿಡಿಸಿತು.

"ಮೈಮ್ಯಾಲ ಬಿದ್ದು ಕೆಡವೂದು ಎಂಥಾ ಆಟಾನ ಯವ್ವಾ?" ಎಂದು ತಾಯಿ ತಾಯವ್ವ ಗಾಬರಿಯಾದಳು.

"ಕೆಡವಾಕ ಕಲಿಸೂಕಿಂತ ಮದ್ಲ ಬೀಳಾಕ ಕಲಿಸ್ತಾರಬೇ."

ಎಂಟು ವರ್ಷ ರಾಜ್ಯ ತಂಡದಲ್ಲಿ ಆಡಿದಳು, ಕೊನೆಯ ಎರಡು ವರ್ಷ ಕ್ಯಾಪ್ಟನ್. ರಾಷ್ಟ್ರೀಯ ಪಂದ್ಯಾವಳಿಯ ಸೆಮಿಫೈನಲ್ಲಿನಲ್ಲಿ ಮೊಣಕಾಲು ತಿರುಚಿತು. "ಪಟ್ಟಿ ಸುತ್ತಿ ಆಡು" ಎಂದರು ತಂಡದವರು. ಆಡಿದಳು, ಗೆಲ್ಲಿಸಿದಳು. ಆದರೆ ಒಳಗಿನ ಲಿಗಮೆಂಟ್ ಪೂರ್ತಿ ಹರಿದಿತ್ತು. ಆಪರೇಶನ್ ಆದರೂ ಮೊದಲಿನ ಓಟ ಮರಳಲಿಲ್ಲ. ಆಗ ಅವಳಿಗೆ ಇಪ್ಪತ್ತಾರು.

ಒಂದು ವರ್ಷ ಮೈದಾನದ ಕಡೆ ಮುಖ ಹಾಕಲಿಲ್ಲ. ಅಷ್ಟರಲ್ಲಿ ಮನೋಳಿಗೆ ವರ್ಗವಾಗಿದ್ದ ಅಂದಾನೆಪ್ಪನವರ ಫೋನು ಬಂತು. "ಹನ್ನೊಂದು ಹುಡುಗ್ಯಾರು ಅದಾರ. ನೀ ಓಡೂದ ಬ್ಯಾಡ, ನಿಂತು ಕಲಿಸು."

ಹೋದಳು. ಮಲಪ್ರಭೆಯ ದಂಡೆಯ ಮೆತ್ತನೆಯ ಹೊಲದಲ್ಲಿ ಕಲಿಸಿದಳು. ಕೋಚಿಂಗ್ ಪರೀಕ್ಷೆಯನ್ನೂ ಪಾಸು ಮಾಡಿದಳು.

ಹೋದ ವರ್ಷ ಕಿತ್ತೂರಿನಲ್ಲಿ ನಡೆದ ಜಿಲ್ಲಾ ಪಂದ್ಯಾವಳಿಯ ಫೈನಲ್ಲಿನಲ್ಲಿ ಮನೋಳಿ ಎರಡು ಅಂಕ ಮುಂದಿತ್ತು. ಆಟ ಮುಗಿಯಲು ಎರಡು ನಿಮಿಷವಿರುವಾಗ ಎಲ್ಲರಿಗಿಂತ ಜೋರಾಗಿ ಓಡುವ ಪ್ರಣಿತಾಳ ತಲೆಗೆ ಪೆಟ್ಟು ಬಿತ್ತು. ಎದ್ದು ನಿಂತಳು, ಹೆಜ್ಜೆ ತಡವರಿಸಿತು.

"ಈಗ ಅಂಕ ಎಷ್ಟಾಗ್ಯಾವ?" ರೇಣು ಕೇಳಿದಳು. ಹುಡುಗಿಗೆ ಹೇಳಲಾಗಲಿಲ್ಲ.

"ಎರಡ ನಿಮಿಷದ ಮಾತು," ಎಂದರು ಅಂದಾನೆಪ್ಪ.

"ಆಗೂದಿಲ್ರಿ ಸರ್." ರೇಣು ಅವಳನ್ನು ಹೊರಗೆ ಕೂರಿಸಿದಳು.

"ಒಮ್ಮೆ ಬಿಡ್ರೀ ಅಕ್ಕೋರ..." ಪ್ರಣಿತಾ ಅಳತೊಡಗಿದಳು.

"ಬಿಡಂಗಿಲ್ಲ. ಅವತ್ತ ನನಗ ಬ್ಯಾಡ ಅನ್ನವ್ರು ಯಾರೂ ಇರಲಿಲ್ಲ. ನಿನಗ ನಾ ಅದೇನಿ."

ಕೊನೆಯ ಓಟದಲ್ಲಿ ಎದುರಾಳಿಗಳು ಗೆರೆ ದಾಟಿ ಚೆಂಡು ನೆಲಕ್ಕೆ ಊರಿ ಐದು ಅಂಕ ಗಳಿಸಿದರು. ಕಪ್ ಕೈತಪ್ಪಿತು. ಆಟ ನೋಡಲು ಬಂದಿದ್ದ ಪ್ರಣಿತಾಳ ಅಜ್ಜಿ ಶಟ್ಟೆವ್ವ ನೆಟ್ಟಗೆ ತನ್ನತ್ತಲೇ ಬರುವುದನ್ನು ಕಂಡು ರೇಣು ಬೈಗುಳಕ್ಕೆ ಸಿದ್ಧಳಾದಳು. ಮುದುಕಿ ಅವಳ ಎರಡೂ ಕೈ ಹಿಡಿದುಕೊಂಡಳು.

"ಕಪ್ ಹೋದ್ರ ಹೋಗಲಿ ಬಿಡವಾ. ನಾಳಿಂದ ನಮ್ಮ ಓಣಿ ಹುಡುಗ್ಯಾರನ್ನೂ ಕಳಸ್ತೇನಿ."

ಹೇಳಿದಂತೆ ಕಳಿಸಿದಳು. ಈಗ ಇಪ್ಪತ್ತಾರು ಹುಡುಗಿಯರಿದ್ದಾರೆ. ಪ್ರಣಿತಾ ಡಾಕ್ಟರು ಹೇಳಿದಷ್ಟು ದಿನ ಸುಮ್ಮನಿದ್ದು, ಮತ್ತೆ ಮೈದಾನಕ್ಕೆ ಇಳಿದಳು.

ಈ ವರ್ಷ ರಾಜ್ಯದ ಕಿರಿಯರ ತಂಡದ ಪಟ್ಟಿಯಲ್ಲಿ ಪ್ರಣಿತಾ ಮತ್ತು ಅವಳ ಗೆಳತಿ ರಾಣಿ ಇಬ್ಬರ ಹೆಸರೂ ಬಂತು. ಪಟ್ಟಿಯ ತಳದಲ್ಲಿ 'ಸಹಾಯಕ ಕೋಚ್: ರೇಣು ನೀಲಪ್ಪ, ದೊಡವಾಡ' ಎಂದಿತ್ತು.

ದೊಡವಾಡದ ಬಸ್ ಸ್ಟ್ಯಾಂಡಿನ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಅವಳ ಅಪ್ಪ ನೀಲಪ್ಪ ಆ ಹಾಳೆಯ ಝೆರಾಕ್ಸ್ ತೆಗೆಸಿ ಗೋಡೆಗೆ ಅಂಟಿಸಿದ್ದಾನೆ. ಗಾಳಿ ಹಾಕಿಸಲು ಬಂದವರಿಗೆ ಮೊದಲು ಹೇಳುವುದು ಒಂದೇ ಮಾತು: "ಅದನ್ನಷ್ಟ ಓದ್ರಿ. ತಳದಾಗಿಂದು."