ಗೋಮುಖದ ಬಳಿ ಸರಿಹೋದ ನನ್ನ ಲೆಕ್ಕ

ಬೆಂಕಿಗೆ ತಾಗಿದ ಗೋಡೆ ಮಂಜಿಗಿಂತ ತಣ್ಣಗಿದೆ ಎಂದು ನನ್ನ ಲೆಕ್ಕ ತೋರಿಸಿತ್ತು. ಅದರಿಂದ ನನ್ನ ಇಂಜಿನಿಯರಿಂಗ್ ಪದವಿಯೇ ಕೈಜಾರುವುದರಲ್ಲಿತ್ತು. ಶಿವನನ್ನು ನಂಬಿದ ಬಂಧುಗಳೇ, ಆಗ ಈಶ್ವರ ನನ್ನನ್ನು ಹೇಗೆ ಕಾಪಾಡಿದ ಎಂಬುದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ರಾಯಚೂರಿನಲ್ಲಿ ಕೊನೆಯ ವರ್ಷ ಓದುತ್ತಿದ್ದೆ. ಅವ್ವ ಮಾನ್ವಿಯ ರೈಸ್ ಮಿಲ್ಲಿನಲ್ಲಿ ಭತ್ತ ಬೇಯಿಸುವ ಕೂಲಿ ಮಾಡುತ್ತಿದ್ದಳು. ಆ ಮಿಲ್ಲಿನ ಒಲೆಯ ಗೋಡೆಯಲ್ಲಿ ಶಾಖ ಹೇಗೆ ಹರಿಯುತ್ತದೆ ಎಂಬುದೇ ನನ್ನ ಪ್ರಾಜೆಕ್ಟ್. ಇಡೀ ಗೋಡೆಗೆ ಸಮೀಕರಣ ಬಿಡಿಸಲಾಗದು. ಅದಕ್ಕೇ ಫೈನೈಟ್ ಎಲಿಮೆಂಟ್ ವಿಧಾನ: ಗೋಡೆಯನ್ನು ಸಣ್ಣ ತ್ರಿಕೋನಗಳಾಗಿ ಹಂಚಿ, ಮೂಲೆಗಳಿಗೆ ನಂಬರು ಕೊಟ್ಟು, ಒಂದೊಂದರ ಲೆಕ್ಕವನ್ನೂ ಕೂಡಿಸುವುದು. ಇದನ್ನು ಕಲಿಸುವವರಿರಲಿಲ್ಲ. ಒಂದೇ ಪುಸ್ತಕ, ವಾರಕ್ಕೊಂದು ಗಂಟೆ ಕಾಲೇಜಿನ ಕಂಪ್ಯೂಟರ್.

ನನ್ನ ಗೈಡ್ ದೇವದುರ್ಗದ ಕಡೆಯವರು. ನನ್ನ ಲೆಕ್ಕದ ಕಾಗದ ನೋಡಿ ಕನ್ನಡಕ ತೆಗೆದರು.

"ಏನವ್ವಾ, ನಿಮ್ಮ ಮಿಲ್ಲಿನಾಗ ಭತ್ತ ಬೇಯಿಸ್ತಾರೋ, ಐಸ್ ಕ್ಯಾಂಡಿ ಮಾಡ್ತಾರೋ? ಮಂಗಳವಾರದೊಳಗ ಸರಿ ಆಗಲಿಲ್ಲಂದ್ರ ನಾ ಸಹಿ ಹಾಕಂಗಿಲ್ಲ. ವರ್ಷ ಹೋಗ್ತದ ನೋಡು."

ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಮೂರು ಸಲ ನೋಡಿದೆ, ತಪ್ಪು ಸಿಗಲಿಲ್ಲ. ಭಾನುವಾರ ಮಾನ್ವಿ ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದೆ. ಅವ್ವನ ಮುಖ ಕಂಡದ್ದೇ ತಡ, ಅತ್ತುಬಿಟ್ಟೆ.

ಮರುದಿನ ಶ್ರಾವಣ ಸೋಮವಾರ. ಅವ್ವ ನನ್ನನ್ನು ಈಶ್ವರ ಗುಡಿಗೆ ಎಳೆದುಕೊಂಡು ಹೋದಳು. ಕೈಮುಗಿದು ನಾನು ಬೇಡಲಿಲ್ಲ, ಜಗಳವೇ ತೆಗೆದೆ. "ಉರಿಗಣ್ಣಿನವ ನೀನು. ಬೆಂಕಿ ಅಂದ್ರ ಏನಂತ ನಿನಗ ಗೊತ್ತದ. ನನ್ನ ಗ್ವಾಡಿ ಯಾಕ ತಣ್ಣಗಾತು, ಹೇಳು."

ಪ್ರದಕ್ಷಿಣೆ ಹಾಕುವಾಗಲೂ ತಲೆಯಲ್ಲಿ ತ್ರಿಕೋನಗಳೇ. ಈಶ್ವರನ ಗುಡಿಯಲ್ಲಿ ಅಭಿಷೇಕದ ನೀರು ಹೊರಬೀಳುವ ಗೋಮುಖವನ್ನು ದಾಟಬಾರದು. ಅಲ್ಲಿಯವರೆಗೆ ಹೋಗಿ ಬಂದ ದಾರಿಯಲ್ಲೇ ತಿರುಗಬೇಕು. ಗುಂಗಿನಲ್ಲಿ ನಾನು ದಾಟಲು ಕಾಲೆತ್ತಿದೆ. ಅವ್ವ ತೋಳು ಹಿಡಿದು ಜಗ್ಗಿದಳು.

"ಎಲ್ಲಿ ಅದ ಬೇ ನಿನ್ನ ಖಬರು? ಹಿಂದಕ್ಕ ತಿರುಗು."

"ತಿರುಗಿದ್ರ ದೇವರು ಎಡಕ್ಕ ಬರ್ತಾನಲ್ಲವ್ವ," ಎಂದೆ, ಸುಮ್ಮನೆ ವಾದಕ್ಕೆ.

"ಬರ್ಲಿ ಬಿಡು. ನಿನಗ ಎಲ್ಲಾ ಬಲಕ್ಕ ಆಗಬೇಕು. ಅವಗ ಎಡಾನೂ ನಡೀತದ."

ಆಗ ನನ್ನ ತಪ್ಪು ಹೊಳೆಯಿತು. ಒಳ್ಳೆಯ ಕೆಲಸ ಬಲಸುತ್ತಿನಲ್ಲೇ ಆಗಬೇಕೆಂದು ಚಿಕ್ಕಂದಿನಿಂದ ಕಲಿತವಳು ನಾನು. ತ್ರಿಕೋನಗಳ ಮೂಲೆಗಳಿಗೂ ಪ್ರದಕ್ಷಿಣೆಯ ಹಾಗೆಯೇ ನಂಬರು ಕೊಟ್ಟಿದ್ದೆ. ಆದರೆ ಸೂತ್ರಕ್ಕೆ ಬೇಕಾದದ್ದು ಗಡಿಯಾರದ ಮುಳ್ಳಿಗೆ ಎದುರಾದ ಎಡಸುತ್ತು. ಇಲ್ಲದಿದ್ದರೆ ತ್ರಿಕೋನದ ವಿಸ್ತೀರ್ಣವೇ ಮೈನಸ್ ಆಗಿ, ಬಿಸಿಯಾಗಬೇಕಾದದ್ದು ತಣ್ಣಗಾಗುತ್ತದೆ. ಅಲ್ಲೇ ನೆಲಕ್ಕೆ ಹಣೆ ಹಚ್ಚಿದೆ.

ಮಂಗಳವಾರ ಕಾಲೇಜಿನ ಕಂಪ್ಯೂಟರಿನಲ್ಲಿ ನಂಬರುಗಳನ್ನೆಲ್ಲ ತಿರುವಿ ಹಾಕಿದೆ. ಬೆಂಕಿಯ ಕಡೆ ಸುಡುವ ಬಿಸಿ, ಹೊರಗೆ ಬರುಬರುತ್ತ ಇಳಿಕೆ. ಗೈಡ್ ಸಹಿ ಹಾಕುತ್ತಲೇ ಕೇಳಿದರು: "ಹೆಂಗ ಸಿಕ್ತು?"

"ಈಶ್ವರ ತೋರಿಸಿದ್ರೀ ಸರ್."

"ಅದು ಪುಸ್ತಕದಾಗ ಇತ್ತಲ್ಲ?"

"ಇತ್ರೀ. ಓದೂ ಓದಿದ್ದೆ. ಕಂಡಿದ್ದು ಗುಡ್ಯಾಗ."

ನಂತರ ಈ ವಿಷಯವನ್ನೇ ವರ್ಷಗಟ್ಟಲೆ ಪಾಠ ಮಾಡಿದೆ. ಅದು ಆಕಸ್ಮಿಕ ಎನ್ನುವವರು ಅನ್ನಲಿ, ನಾನು ವಾದಕ್ಕಿಳಿಯುವುದಿಲ್ಲ. ಜಗಳವಾಡಲು ಹೋದವಳಿಗೂ ಉತ್ತರ ಕೊಟ್ಟು ಕಳಿಸಿದ ದೇವರು ಅವನು. ನಿಮಗೂ ಕೊಡುತ್ತಾನೆ, ಧೈರ್ಯವಾಗಿ ಕೇಳಿ.