ಕಪ್ಪು ಮೂಲೆಯ ಕಾರ್ಡು

ಮೊನ್ನೆ ಮೊಮ್ಮಗಳ ಹೆಸರಿಗೆ ಒಂದು ಪೆಟ್ಟಿಗೆ ಬಂತು. ಕೊರಿಯರಿನ ಹುಡುಗ ಅದನ್ನು ಎರಡು ಕೈಯಲ್ಲಿ ಹಿಡಿದು ತಂದ ರೀತಿ ನೋಡಿ ಒಳಗೆ ಕುಕ್ಕರ್ ಇರಬೇಕು ಅಂದುಕೊಂಡೆ. ಬಿಚ್ಚಿದರೆ ಕಾಗದ, ಗಾಳಿ ತುಂಬಿದ ಪ್ಲಾಸ್ಟಿಕ್ಕು, ಮತ್ತೆ ಕಾಗದ. ಎಲ್ಲದರ ತಳದಲ್ಲಿ ಕಿರುಬೆರಳಿನಷ್ಟುದ್ದದ ಒಂದು ಕಾಡಿಗೆ ಕಡ್ಡಿ. ಮೂಗಿನ ಹತ್ತಿರ ಹಿಡಿದೆ, ಯಾವ ವಾಸನೆಯೂ ಇಲ್ಲ. ನನ್ನ ಮಟ್ಟಿಗೆ ಕಾಡಿಗೆ ಎಂದರೆ ಹರಳೆಣ್ಣೆ ಮತ್ತು ಕರ್ಪೂರದ ವಾಸನೆ ಬರಬೇಕು. ಅದು ಬರಲಿಲ್ಲವಲ್ಲ ಎಂದುಕೊಳ್ಳುವಾಗಲೇ ಅವರು ನೆನಪಾದರು…

ದೊಡ್ಡಮ್ಮ ಈ ಪೆಟ್ಟಿಗೆಯನ್ನು ನೋಡಿದ್ದರೆ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದರು.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಾದವರಲ್ಲ. ಐವತ್ತರ ದಶಕದ ಕೊನೆಗೆ ನಾನು ಪುತ್ತೂರಿಗೆ ಟೀಚರಾಗಿ ಬಂದಾಗ ಅವರ ಮನೆಯ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಬೀದಿಯವರೆಲ್ಲ ಕರೆಯುವಂತೆ ನಾನೂ ದೊಡ್ಡಮ್ಮ ಎಂದೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕಾಡಿಗೆ ಮಾಡಿ ಅಂಚೆಯಲ್ಲಿ ಕಳಿಸುವುದೇ ಅವರ ಜೀವನ. ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಬತ್ತಿ, ಹರಳೆಣ್ಣೆಯ ದೀಪ, ಮೇಲೆ ಕವುಚಿದ ತಾಮ್ರದ ತಟ್ಟೆ. ತಟ್ಟೆಗೆ ಹಿಡಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲಸಿ, ಚಿಟಿಕೆ ಕರ್ಪೂರ ಹಾಕಿದರೆ ಕಾಡಿಗೆ. ಬೊಂಬಾಯಿಯ ಹೋಟೆಲುಗಳಲ್ಲಿದ್ದ ನಮ್ಮ ಕಡೆಯವರ ಮನೆಗಳಲ್ಲಿ ಹೆರಿಗೆಯಾದರೆ ದೊಡ್ಡಮ್ಮನ ಕಾಡಿಗೆಯೇ ಬೇಕು.

ಕಾಡಿಗೆಗಿಂತ ಅಂಚೆಯೇ ತುಟ್ಟಿ ಎಂಬುದು ಅವರ ದಿನನಿತ್ಯದ ಕೊರಗು. ಅಂಚೆಯವನಿಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ. ಕಟ್ಟುಗಳನ್ನು ಕಳಿಸುತ್ತಿದ್ದರು. ಅತ್ತಲಿನವರು ಬೇಡವೆಂದರೆ ಕಟ್ಟು ಹೋದ ದಾರಿಯಲ್ಲೇ ವಾಪಸು ಬರುತ್ತಿತ್ತು, ಅಂಚೆಗೆ ಹಾಕಿದ ದುಡ್ಡು ಮಾತ್ರ ಬರುತ್ತಿರಲಿಲ್ಲ. ಅಂಥ ದಿನ ದೊಡ್ಡಮ್ಮ ಊಟಕ್ಕೆ ಕೂತರೂ ಅನ್ನ ಕಲಸುತ್ತಲೇ ಇರುತ್ತಿದ್ದರು.

ಹಾಗಾಗಿ ಅವರು ಒಂದೊಂದೇ ಉಪಾಯ ಹುಡುಕಿದರು. ಒಮ್ಮೆ ಡಬ್ಬಿ ಕೊಂಡವರಿಗೆ ಮತ್ತೆ ಡಬ್ಬಿ ಹೋಗುವುದು ನಿಂತಿತು.

“ಡಬ್ಬಿ ಹೇಗೂ ಅವರತ್ರ ಉಂಟಲ್ಲ ಟೀಚರೇ, ತಗಡಿಗೆ ಯಾಕೆ ನಾನು ಸ್ಟಾಂಪು ಹಚ್ಚುದು?” ಎಂದು ಕಾಡಿಗೆಯನ್ನು ಗಟ್ಟಿ ಕಲಸಿ, ಎಣ್ಣೆಕಾಗದದಲ್ಲಿ ಸುರುಳಿ ಸುತ್ತಿ ಕಳಿಸತೊಡಗಿದರು. ಒಂದೇ ಬೀದಿಯ ಗಿರಾಕಿಗಳಿಗೆ ಒಂದೇ ಕಟ್ಟು. ಲಕೋಟೆಯನ್ನಂತೂ ಮನೆಯೊಳಗೇ ಸೇರಿಸುತ್ತಿರಲಿಲ್ಲ. ಹೇಳಬೇಕಾದ್ದೆಲ್ಲ ಅಗ್ಗದ ಅಂಚೆ ಕಾರ್ಡಿನಲ್ಲಿ. ಕಟ್ಟು ಕಳಿಸುವ ಮೊದಲು, ವಿ.ಪಿ. ಬರುತ್ತದೆ, ದುಡ್ಡು ತೆಗೆದಿಡಿ, ಬೇಡವಾದರೆ ಈಗಲೇ ತಿಳಿಸಿ ಎಂದು ಒಂದು ಕಾರ್ಡು ಹೋಗುತ್ತಿತ್ತು. ಕಾರ್ಡಿನ ಖರ್ಚಿನಲ್ಲಿ ಕಟ್ಟಿನ ನಷ್ಟ ತಪ್ಪಬೇಕು ಎಂಬುದು ಅವರ ಎಣಿಕೆ. ಆದರೆ ಯಾಕೋ ಕಟ್ಟುಗಳು ಮೊದಲಿಗಿಂತ ಹೆಚ್ಚು ವಾಪಸು ಬರತೊಡಗಿದವು. ನಮಗಿಬ್ಬರಿಗೂ ತಲೆಬುಡ ತಿಳಿಯಲಿಲ್ಲ.

ಆ ದಿನಗಳಲ್ಲಿ ಅವರಿಗೆ ಇನ್ನೊಂದು ನೋವಿತ್ತು. ಅರಂತೋಡಿನಲ್ಲಿದ್ದ ಒಬ್ಬಳೇ ತಂಗಿ ವರ್ಷಗಳಿಂದ ಮಾತು ಬಿಟ್ಟಿದ್ದಳು. ಆ ಕಾಡಿಗೆ ಅವರ ತಾಯಿ ಕಲಿಸಿದ್ದು. ಕೂಸು ಹುಟ್ಟಿದ ಮನೆಗೆ ತಾಯಿ ಅದನ್ನು ಸುಮ್ಮನೆ ಕೊಟ್ಟು ಬರುತ್ತಿದ್ದರಂತೆ. “ಅಮ್ಮ ಕೊಟ್ಟದ್ದನ್ನು ನೀನು ಮಾರುದಾ?” ಎಂದು ಕೇಳಿ ಹೋದ ತಂಗಿ ಮತ್ತೆ ಅಕ್ಕನ ಮೆಟ್ಟಿಲು ತುಳಿದಿರಲಿಲ್ಲ. ಮಾರದಿದ್ದರೆ ಅಕ್ಕ ಉಣ್ಣುವುದೇನನ್ನು ಎಂದು ಅವಳು ಯೋಚಿಸಿದಂತೆ ಕಾಣೆ. ಕೋಪ ಬಂದವರು ಅಷ್ಟು ದೂರ ಯೋಚಿಸುವುದಿಲ್ಲವೇನೋ…

ತಂಗಿಯ ಮಗಳಿಗೆ ಗಂಡು ಕೂಸು ಹುಟ್ಟಿದ ಸುದ್ದಿ ಯಾರ ಬಾಯಿಂದಲೋ ಬಂತು. ದೊಡ್ಡಮ್ಮ ಕಾಡಿಗೆ ಕಲಸುತ್ತಿದ್ದವರು ಎದ್ದು, ಕೈಯನ್ನೂ ಸರಿಯಾಗಿ ಒರೆಸದೆ ಕಾರ್ಡು ಬರೆದರು. ಮಗುವಿಗೆ ಕಾಡಿಗೆ ಕಳಿಸುತ್ತೇನೆ, ಇದು ಮಾರುವುದಲ್ಲ, ಅಮ್ಮನ ಲೆಕ್ಕದ್ದು ಎಂದು ಬರೆದಿದ್ದರು. ನನಗೂ ಓದಿ ಹೇಳಿದರು.

ಮೂರನೆಯ ದಿನ, ನಾನು ಶಾಲೆ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ. ಬಸ್ಸಿಳಿದ ಹೆಂಗಸೊಬ್ಬಳು ತಲೆ ಕೆದರಿಕೊಂಡು, “ಅಕ್ಕಾ…” ಎಂದು ಬೊಬ್ಬೆ ಹಾಕುತ್ತ ಅಂಗಳಕ್ಕೆ ನುಗ್ಗಿದಳು. ದೊಡ್ಡಮ್ಮ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದರು. ಅವರನ್ನು ಕಂಡವಳೇ ಆಕೆ ಅಲ್ಲೇ ಕುಸಿದು ಕೂತಳು.

“ಹಾಗಾದ್ರೆ ಸತ್ತದ್ದು ಯಾರು?” ಎಂದಳು.

“ಯಾರೂ ಸಾಯ್ಲಿಲ್ಲ ಮಾರಾಯ್ತಿ! ಎಂತ ಆಯ್ತು ನಿನಗೆ?”

ತಂಗಿ ಮುಷ್ಟಿ ಬಿಚ್ಚಿದಳು. ಬೆವರಿಗೆ ಮೆತ್ತಗಾದ ಕಾರ್ಡು. ಅದರ ಒಂದು ಮೂಲೆಯಲ್ಲಿ ದೊಡ್ಡಮ್ಮನ ಹೆಬ್ಬೆರಳಿನ ಕಪ್ಪು ಗುರುತು.

ಸಾವಿನ ಸುದ್ದಿಯ ಕಾರ್ಡಿನ ಮೂಲೆಗೆ ಆಗ ಕಪ್ಪು ಮಸಿ ಹಚ್ಚುತ್ತಿದ್ದರು, ಶುಭ ಸುದ್ದಿಯಾದರೆ ಅರಸಿನ. ಕಪ್ಪು ಮೂಲೆಯ ಕಾರ್ಡನ್ನು ಮನೆಯೊಳಗೆ ಒಯ್ಯುವಂತಿಲ್ಲ, ಹೊರಗೇ ಹರಿದು ಎಸೆಯಬೇಕು. ತಂಗಿಗೆ ಓದು ಬಾರದು. ಅವರ ಟಪಾಲು ಇಳಿಯುತ್ತಿದ್ದದ್ದು ರಸ್ತೆ ಬದಿಯ ಅಂಗಡಿಯಲ್ಲಿ. ಅಂಗಡಿಯ ಕಾಕ ಓದಿ ಹೇಳಲು ಹೊರಟರೆ, “ಓದ್ಬೇಡಿ ಕಾಕ, ಎಲ್ಲಿಂದ ಬಂದದ್ದು ಅಂತ ಮಾತ್ರ ಹೇಳಿ” ಎಂದಿದ್ದಳಂತೆ. ಪುತ್ತೂರಿನಿಂದ ಎಂದದ್ದೇ ಸಾಕಾಗಿತ್ತು, ಬಂದ ಬಸ್ಸು ಹತ್ತಿದ್ದಳು.

ಸಂಗತಿ ತಿಳಿದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಅತ್ತರು, ನಕ್ಕರು, ತುಳುವಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡರು. ತಂಗಿಯ ಕೆನ್ನೆಯ ಮೇಲೆಲ್ಲ ಅಕ್ಕನ ಕೈಯ ಕಾಡಿಗೆ. ಮಾರುವ ವಿಷಯವನ್ನು ಯಾರೂ ಎತ್ತಲಿಲ್ಲ.

ವಿ.ಪಿ.ಗಳು ಯಾಕೆ ವಾಪಸು ಬರುತ್ತಿದ್ದವು ಎಂಬುದೂ ಆಗಲೇ ಹೊಳೆಯಿತು. ಊರೂರಿನಲ್ಲಿ ಜನ ಮೂಲೆಯ ಕಪ್ಪು ಕಂಡೇ ಅವರ ಕಾರ್ಡನ್ನು ಓದದೆ ಹರಿದು ಹಾಕಿ ಸ್ನಾನ ಮಾಡಿದ್ದರು, ಕಟ್ಟು ಬಂದಾಗ ಸಾವಿನ ಮನೆಯ ಕಾಡಿಗೆ ಕೂಸಿಗೆ ಬೇಡವೆಂದು ತಿರುಗಿಸಿದ್ದರು! ಕೊಯಿಲದ ಒಂದು ಮನೆಯಲ್ಲಂತೂ ಆ ದಿನ ಒಲೆಯನ್ನೇ ಹಚ್ಚಿರಲಿಲ್ಲವಂತೆ. ಅಂದಿನಿಂದ ಕಾರ್ಡು ಬರೆಯುವ ಕೆಲಸ ನನ್ನದಾಯಿತು. ದೊಡ್ಡಮ್ಮ ಕೈ ತೊಳೆದು ಬಂದು ಪ್ರತಿಯೊಂದರ ಮೂಲೆಗೂ ಅರಸಿನದ ಬೊಟ್ಟಿಡುತ್ತಿದ್ದರು.

ತಂಗಿಗೆ ಹೋಗುವ ಕಾರ್ಡೊಂದು ಮಾತ್ರ ಬೇರೆ. ಅದಕ್ಕೆ ಬೇಕೆಂದೇ ಕಾಡಿಗೆಯ ಹೆಬ್ಬೆರಳು ಒತ್ತುತ್ತಿದ್ದರು. ಸುಳ್ಯದಿಂದ ಆಚೆಯ ಗಿರಾಕಿಗಳ ಕಟ್ಟನ್ನೆಲ್ಲ ಈಗ ತಂಗಿಯೇ ಹಂಚುತ್ತಿದ್ದಳು. ಕಟ್ಟು ಮಡಿಕೇರಿ ಬಸ್ಸಿನಲ್ಲಿ ಹೋಗುತ್ತಿತ್ತು, ಕಂಡಕ್ಟರನ ಮಗುವಿಗೆ ಕಾಡಿಗೆ ಪುಕ್ಕಟೆ. ಕಪ್ಪು ಮೂಲೆಯ ಕಾರ್ಡು ಬಂದರೆ ಬಸ್ಸಿನಲ್ಲಿ ಕಟ್ಟು ಬರುತ್ತದೆ ಎಂದು ಅರ್ಥ. ಓದಿಸುವ ಅಗತ್ಯವೇ ಇಲ್ಲ. ಅಂಚೆಯ ಖರ್ಚು ಇಷ್ಟು ಇಳಿದದ್ದು ತಂಗಿಯ ಕೋಪ ಇಳಿದದ್ದರಿಂದ ಎಂದು ನಾನು ತಮಾಷೆ ಮಾಡುತ್ತಿದ್ದೆ.

“ನಾನು ಸತ್ರೆ ಟೆಲಿಗ್ರಾಂ ಗಿಲಿಗ್ರಾಂ ಅಂತ ದುಡ್ಡು ಹಾಳು ಮಾಡ್ಬೇಡಿ ಟೀಚರೇ,” ಎನ್ನುತ್ತಿದ್ದರು ದೊಡ್ಡಮ್ಮ. “ಒಂದು ಕಾರ್ಡು ಸಾಕು. ಮಸಿಯೂ ಬೇಡ, ನನ್ನ ಕಾಡಿಗೆಯೇ ಉಂಟಲ್ಲ.” ಬಂದವರ ಎದುರೂ ಇದನ್ನೇ ಹೇಳಿ ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಅರವತ್ತರ ದಶಕದ ಒಂದು ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಗಂಜಿ ಕುಡಿದು ಮಲಗಿದವರು ಬೆಳಿಗ್ಗೆ ನಾನು ಕಾಫಿ ತಂದು ಕರೆದರೆ ಏಳಲಿಲ್ಲ… ಗಂಡನ ಕಡೆಯ ಮೈದುನನ ಮಗ ಬಂದು ಮುಂದಿನದ್ದನ್ನೆಲ್ಲ ವಹಿಸಿಕೊಂಡ. ನಾನು ಹೆಂಗಸರ ಜೊತೆ ಒಳಗಿದ್ದೆ. ಅರಂತೋಡಿಗೆ ತಿಳಿಸಿದಿರಾ ಎಂದು ಕೇಳಿದ್ದಕ್ಕೆ ಅವನು ತಿಳಿಸಿದೆ ಎಂದ. ತಂಗಿಗಾಗಿ ಮಧ್ಯಾಹ್ನದವರೆಗೆ ಕಾದೆವು. ಮಳೆ ಬಿಟ್ಟ ಹೊತ್ತು ನೋಡಿ ಎತ್ತಿದರು.

ಅವನು ಕಳಿಸಿದ್ದು ಕಾರ್ಡು. “ಅವರೇ ಹೇಳ್ತಿದ್ರಲ್ಲ, ಕಾರ್ಡು ಸಾಕು ಅಂತ,” ಎಂದ ಆಮೇಲೆ. ಮೂಲೆಗೆ ತಾಮ್ರದ ತಟ್ಟೆಯಿಂದ ಅವರದೇ ಕಾಡಿಗೆಯನ್ನೂ ತೆಗೆದು ಹಚ್ಚಿದ್ದ. ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಅವನು ದೊಡ್ಡಮ್ಮನ ಮಾತನ್ನು ನಡೆಸಿದ್ದ, ಅಷ್ಟೇ.

ಎರಡು ದಿನ ಕಳೆದು ತಂಗಿ ಬಂದಳು. ಈ ಸಲ ಬೊಬ್ಬೆಯಿಲ್ಲ. ಜಗಲಿಯ ಕಂಬಕ್ಕೆ ಒರಗಿ ನಡೆದದ್ದನ್ನು ಹೇಳಿದಳು. ಕಾರ್ಡನ್ನು ಕಾಕನ ಅಂಗಡಿಯಿಂದ ತೆಗೆದುಕೊಂಡವಳು ಮೂಸಿ ನೋಡಿದ್ದಳು, ಕರ್ಪೂರದ ವಾಸನೆ. ಯಾರಿಂದಲೂ ಓದಿಸದೆ ರಸ್ತೆಗೆ ಬಂದು ಬಸ್ಸಿಗೆ ಕೈ ಅಡ್ಡ ಹಿಡಿದು, “ಅಕ್ಕನ ಕಟ್ಟು ಉಂಟಾ?” ಎಂದು ಕೇಳಿದ್ದಳು. ಪುತ್ತೂರಿನಲ್ಲಿ ಸುದ್ದಿ ಕೇಳಿಕೊಂಡೇ ಹೊರಟಿದ್ದ ಕಂಡಕ್ಟರ್ ಬಸ್ಸಿನಿಂದ ಇಳಿದು ಅವಳೆದುರು ನಿಂತನಂತೆ.

“ಆ ಕಪ್ಪು ನೋಡಿ ನನಗೆ ಖುಷಿ ಆಯ್ತು ಟೀಚರೇ,” ಎಂದಳು. “ನಾನು ನಗಾಡಿಕೊಂಡು ಬಂದೆ ರಸ್ತೆಗೆ.”

ನಾನು ಅವಳ ಕೈ ಹಿಡಿದು ಜಗಲಿಯಲ್ಲಿ ಕೂರಿಸಿದೆ.

ತಂಗಿಯೂ ಹೋಗಿ ಬಹಳ ಕಾಲವಾಯಿತು. ಆ ಕಾಡಿಗೆ ಮಾಡುವ ಕ್ರಮವನ್ನು ಯಾರೂ ಕಲಿತುಕೊಳ್ಳಲಿಲ್ಲ, ಅಷ್ಟು ವರ್ಷ ಪಕ್ಕದಲ್ಲೇ ಇದ್ದು ನೋಡಿದ ನನಗೂ ಅದು ಯಾವ ಸೊಪ್ಪೆಂದು ಈಗ ನೆನಪಾಗುತ್ತಿಲ್ಲ… ಮೊಮ್ಮಗಳು ಹೊಸ ಕಾಡಿಗೆಯನ್ನು ಕಣ್ಣಿಗೆ ಹಚ್ಚಿ ಬೆರಳಿನಿಂದ ತೀಡಿಕೊಂಡು, ಅದೇ ಬೆರಳಿನಲ್ಲಿ ಪೆಟ್ಟಿಗೆ ಮಡಚಿಟ್ಟು ಕಾಲೇಜಿಗೆ ಹೋದಳು. ಹಳೆ ಪೇಪರಿನವನಿಗೆ ಕೊಡೋಣವೆಂದು ಎತ್ತಿದರೆ ಮೂಲೆಯಲ್ಲಿ ಕಪ್ಪು ಗುರುತು. ಇಷ್ಟು ವಯಸ್ಸಾಗಿಯೂ ಒಂದು ಕ್ಷಣ ನನಗೆ ಖುಷಿಯೇ ಆಯಿತು. ಆಮೇಲೆ ಮೂಗಿಗೆ ಹಿಡಿದು ನೋಡಿದೆ.